ಒಂದು ಕಾರ್ಡು, ಇಬ್ಬರು ಓರಗಿತ್ತಿಯರು

ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ಕೂತು ಹಾಜರಿ ಹಾಕಿದವನು ನಾನು. ಬೆಳಿಗ್ಗೆ ಕಾರ್ಡು ನೋಡಿ ಪುಸ್ತಕದಲ್ಲಿ ಗುರುತು ಹಾಕಿ ಒಳಗೆ ಬಿಡುವುದು, ಸಂಜೆ ಅದೇ ಕಾರ್ಡು ನೋಡಿ ಹೊರಗೆ ಬಿಡುವುದು. ಎಲ್ಲರ ಬಾಯಲ್ಲೂ ನಾನು ಗೇಟಣ್ಣ. ಮಹಾ ಸಾಧುಪ್ರಾಣಿ ಎಂಬ ಹೆಸರಿತ್ತು. ಯಾರ ತಂಟೆಗೂ ಹೋಗದವನನ್ನು ಜನ ಸಾಧು ಎಂದೇ ತಿಳಿಯುತ್ತಾರೆ. ನಾನು ಹೇಳಹೊರಟಿರುವ ಹೆಂಗಸಿನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳು ನಮ್ಮ ಕಾರ್ಖಾನೆಯಲ್ಲಿ ದುಡಿದಳು ಎನ್ನುವುದಕ್ಕೆ ಈಗ ಯಾವ ಪುಸ್ತಕದಲ್ಲೂ ಆಧಾರವಿಲ್ಲ. ಇಲ್ಲಾದರೂ ಇರಲಿ.

ಅವಳು ಎರಡು ಕೋಣೆಯ ಮನೆಯೊಂದರ ಚಿಕ್ಕ ಸೊಸೆ. ಮನೆಯ ಗಂಡುಮಕ್ಕಳಿಬ್ಬರೂ ಲಾರಿ ಓಡಿಸುವವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರು ಓರಗಿತ್ತಿಯರು ಮತ್ತು ಅತ್ತೆ. ಕಾರ್ಖಾನೆಯ ಕೆಲಸ ಇದ್ದದ್ದು ದೊಡ್ಡ ಸೊಸೆಗೆ. ಕಾರ್ಡು ಅವಳ ಹೆಸರಿನಲ್ಲಿತ್ತು. ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಭಾರಿ ಆಳು. ಅವರನ್ನು ಎತ್ತಿ ಕೂರಿಸಿ, ಹೊರಳಿಸಿ, ತೊಳೆದು ಬಳಿದು ಚಿಕ್ಕವಳ ಬೆನ್ನು ಹದಿನೈದೇ ದಿನಕ್ಕೆ ಹಿಡಿದುಕೊಂಡಿತು. ದೊಡ್ಡವಳು ರಜೆ ಕೇಳಿದಳು. ನಮ್ಮಲ್ಲಿ ಹೇಳದೆ ಕೇಳದೆ ಮೂರು ದಿನ ಬರದಿದ್ದರೆ ಕಾರ್ಡು ರದ್ದು ಎಂಬ ನಿಯಮವಿತ್ತು. ಹೇಳಿ ಕೇಳಿ ಬರದಿದ್ದರೂ ಆಗುತ್ತಿದ್ದುದು ಹೆಚ್ಚುಕಡಿಮೆ ಅದೇ.

ಇಬ್ಬರೂ ಕೂತು ವಾರವನ್ನು ಹಂಚಿಕೊಂಡರು. ಸೋಮವಾರ, ಬುಧವಾರ, ಶುಕ್ರವಾರ ದೊಡ್ಡವಳು ಕಾರ್ಖಾನೆಗೆ, ಚಿಕ್ಕವಳು ಅತ್ತೆಯ ಹತ್ತಿರ. ಮಂಗಳವಾರ, ಗುರುವಾರ, ಶನಿವಾರ ಚಿಕ್ಕವಳು ಕಾರ್ಖಾನೆಗೆ, ದೊಡ್ಡವಳು ಅತ್ತೆಯ ಹತ್ತಿರ. ಕಾರ್ಡು ಒಂದೇ, ಹಸಿರು ಏಪ್ರನ್ನೂ ಒಂದೇ.

ಇದೇನು ಅವರಿಬ್ಬರು ಕಂಡುಹಿಡಿದ ಉಪಾಯವಲ್ಲ. ನಮ್ಮಲ್ಲಿ ತಾಯಿಯ ಕಾರ್ಡಿಗೆ ಮಗಳು ಬರುತ್ತಿದ್ದಳು, ಅಕ್ಕನ ಕಾರ್ಡಿಗೆ ತಂಗಿ ಬರುತ್ತಿದ್ದಳು. ನನಗೆ ಗೊತ್ತಿದ್ದ ಹಾಗೆಯೇ ಹನ್ನೊಂದು ಕಾರ್ಡಿಗೆ ಇಪ್ಪತ್ತೆರಡು ಮುಖಗಳಿದ್ದವು. ಮೇಸ್ತ್ರಿಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಮೆಷೀನು ನಿಲ್ಲದಿದ್ದರೆ ಸಾಕು, ಅದರ ಮುಂದೆ ನಿಂತವರು ಯಾರ ಮನೆಯ ಸೊಸೆಯಾದರೇನು? ಅವರಿಗೆ ಲಾಭವೇ ಆಗುತ್ತಿತ್ತು. ಒಂದು ದಿನ ಬಿಟ್ಟು ಒಂದು ದಿನ ಬರುವ ಕೈಗೆ ದಣಿವು ಕಡಿಮೆ.

ಮೊದಲನೇ ಸಲ ದೊಡ್ಡವಳು ಅವಳನ್ನು ಗೇಟಿಗೆ ಕರೆತಂದು, ಇವಳು ನನ್ನ ಓರಗಿತ್ತಿ, ಸ್ವಲ್ಪ ನೋಡಿಕೊಳ್ಳಿ ಎಂದಳು. ನಾನು ಕಾರ್ಡು ಇಸಿದುಕೊಂಡೆ. ಅದರ ಮೇಲೆ ದೊಡ್ಡವಳ ಚಿಕ್ಕದೊಂದು ಫೋಟೊ ಇತ್ತು. ಅದರ ಮೂಲೆಯನ್ನು ಉಗುರಿನಿಂದ ಎತ್ತಿ ಕಿತ್ತು, ಯಾರಾದರೂ ಕೇಳಿದರೆ ಬಿದ್ದುಹೋಯಿತು ಅನ್ನಿ ಎಂದು ಹೇಳಿ ಕಾರ್ಡು ವಾಪಸು ಕೊಟ್ಟೆ. ಫೋಟೊ ಇದ್ದ ಜಾಗದಲ್ಲಿ ಗೋಂದಿನ ಕಲೆ ಉಳಿಯಿತು. ಅವತ್ತು ನಾನು ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಅವರೂ ಹಾಗೆಯೇ ಅಂದುಕೊಂಡರು.

ಚಿಕ್ಕವಳು ತಮಾಷೆಯ ಹೆಣ್ಣು. ತನ್ನ ಸರದಿಯ ದಿನ ಗೇಟಿಗೆ ಬಂದವಳೇ, ಇವತ್ತು ನಾನು ಯಾರು ಹೇಳಿ ಅಣ್ಣ ಎಂದು ಕೇಳುತ್ತಿದ್ದಳು. ಕಾರ್ಡಿನಲ್ಲಿ ಯಾರಿದ್ದಾರೋ ಅವರೇ ಎಂದು ನಾನು ಹೇಳಬೇಕು, ಅವಳು ನಗಬೇಕು. ಒಳಗೆ ಎಲ್ಲರೂ ಅವಳನ್ನು ಓರಗಿತ್ತಿಯ ಹೆಸರಿನಿಂದಲೇ ಕೂಗುತ್ತಿದ್ದರು. ಎರಡು ಸಲ ಕೂಗಿದ ಮೇಲೆ ತಿರುಗಿ ನೋಡುತ್ತಿದ್ದಳು, ಕಿವಿ ಸ್ವಲ್ಪ ಮಂದ ಎಂದು ಹೊಸಬರು ತಿಳಿದಿದ್ದರು. ಅವಳ ಸ್ವಂತ ಹೆಸರು ನನಗೂ ಗೊತ್ತಿರಲಿಲ್ಲ. ಕೇಳಬೇಕು ಅನ್ನಿಸಿರಲಿಲ್ಲ.

ಕೆಲಸದಲ್ಲಿ ಅವಳು ದೊಡ್ಡವಳಿಗಿಂತ ಚುರುಕು. ಪ್ರತಿ ಮೆಷೀನಿನ ಮೇಲೂ ದಿನಕ್ಕೆಷ್ಟು ಹಾಳೆ ಕತ್ತರಿಸಿದರು ಎಂದು ಬರೆಯುವ ಪುಸ್ತಕವೊಂದು ಇರುತ್ತಿತ್ತು. ಅವರಿಬ್ಬರ ಮೆಷೀನಿನ ಪುಸ್ತಕದಲ್ಲಿ ಮಂಗಳವಾರ ಏರುತ್ತಿತ್ತು, ಬುಧವಾರ ಇಳಿಯುತ್ತಿತ್ತು, ಗುರುವಾರ ಮತ್ತೆ ಏರುತ್ತಿತ್ತು. ಆರು ವರ್ಷ ಹಾಗೆಯೇ. ನಿನಗೇನು ದಿನ ಬಿಟ್ಟು ದಿನ ಜ್ವರ ಬರುತ್ತದಾ ಎಂದು ಮೇಸ್ತ್ರಿ ದೊಡ್ಡವಳನ್ನು ಗೇಲಿ ಮಾಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿದ್ದೇ ಮಾಡುತ್ತಿದ್ದ.

ಆ ಮೆಷೀನು ದೊಡ್ಡ ಪುಸ್ತಕದ ಹಾಗೆ ತೆರೆದು ಮುಚ್ಚುತ್ತದೆ. ತೆರೆದಾಗ ಬಲಗೈಯಿಂದ ಹೊಸ ಹಾಳೆ ಇಡಬೇಕು, ಎಡಗೈಯಿಂದ ಕತ್ತರಿಸಿದ ಹಾಳೆ ಎಳೆಯಬೇಕು, ಮುಚ್ಚುವಷ್ಟರಲ್ಲಿ ಎರಡೂ ಕೈ ಹೊರಗಿರಬೇಕು. ನಿಮಿಷಕ್ಕೆ ಇಪ್ಪತ್ತು ಸಲ. ಮುಂದುಗಡೆ ಕಬ್ಬಿಣದ ಒಂದು ಅಡ್ಡಪಟ್ಟಿ ಇರುತ್ತದೆ. ಕೈ ಒಳಗೆ ಉಳಿದರೆ ಅದು ತಾಗಿ ಮೆಷೀನು ನಿಲ್ಲಬೇಕು. ಆದರೆ ತೇವ ಹಿಡಿದು ಸೊಟ್ಟಗಾದ ರಟ್ಟು ತಾಗಿದರೂ ಅದು ನಿಲ್ಲುತ್ತಿತ್ತು, ಗಂಟೆಗೆ ಎಂಟು ಹತ್ತು ಸಲ. ಮೇಸ್ತ್ರಿ ಡಬ್ಬಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ಮೇಲಕ್ಕೆ ಎಳೆದು ಕಟ್ಟಿಬಿಟ್ಟಿದ್ದ. ನಾಲ್ಕು ಮೆಷೀನಿಗೂ ಹಾಗೆಯೇ ಕಟ್ಟಿದ್ದ. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಬಿಚ್ಚುತ್ತಿದ್ದರು.

ಒಂದು ಗುರುವಾರ, ಊಟದ ಗಂಟೆಗೆ ಹತ್ತು ನಿಮಿಷ ಇರುವಾಗ, ಒಳಗಿನ ಸದ್ದು ಒಮ್ಮೆಗೇ ನಿಂತಿತು. ಗೇಟಿನಲ್ಲಿ ಕೂತವನಿಗೆ ಸದ್ದು ನಿಂತರೆ ಸಾಕು, ಏನಾಯಿತೆಂದು ಗೊತ್ತಾಗುತ್ತದೆ. ಸೊಟ್ಟ ಹಾಳೆಯೊಂದನ್ನು ನೇರ ಮಾಡಲು ಹೋದಳಂತೆ. ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡು ಬಂದರು. ಏಪ್ರನ್ನಿನಲ್ಲಿ ಸುತ್ತಿದ್ದ ಬಲಗೈಯನ್ನು ಅವಳು ಎಡಗೈಯಿಂದ ಎದೆಗೆ ಒತ್ತಿಕೊಂಡಿದ್ದಳು. ಅಳುತ್ತಿರಲಿಲ್ಲ. ಕಾರ್ಖಾನೆಯ ವ್ಯಾನಿನಲ್ಲಿ ಹತ್ತಿಸುವಾಗ ನನ್ನ ಕಡೆ ತಿರುಗಿ, ಅಕ್ಕನಿಗೆ ಹೇಳಿಕಳಿಸಿ, ಅತ್ತೆಗೆ ಹೇಳಬೇಡಿ ಎಂದಳು. ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು.

ಏಪ್ರನ್ನಿನ ಜೇಬಿನಲ್ಲಿ ಕಾರ್ಡು ಇತ್ತಲ್ಲ, ಆಸ್ಪತ್ರೆಯವರು ಅದನ್ನು ನೋಡಿ ದೊಡ್ಡವಳ ಹೆಸರು ಬರೆದುಕೊಂಡರು. ಮ್ಯಾನೇಜರೂ ಗಾಬರಿಯಲ್ಲಿ ಅದೇ ಹೆಸರಿನಲ್ಲಿ ವರದಿ ಬರೆದ: ಇಂಥವಳಿಗೆ ಕೆಲಸದ ವೇಳೆಯಲ್ಲಿ ಪೆಟ್ಟಾಗಿದೆ ಅಂತ. ಅದು ಹಾಗೆಯೇ ಇದ್ದಿದ್ದರೆ ಏನೋ ಒಂದು ಪರಿಹಾರ ಸಿಗುತ್ತಿತ್ತೇನೋ, ಸುಳ್ಳು ಹೆಸರಿಗಾದರೂ ನಿಜವಾದ ಕೈಗೆ. ಆದರೆ ನಾಲ್ಕನೇ ದಿನ, ಸೋಮವಾರ ಬೆಳಿಗ್ಗೆ, ದೊಡ್ಡವಳು ಗೇಟಿಗೆ ಬಂದಳು. ರಕ್ತ ತೊಳೆದು ಒಣಗಿಸಿದ ಕಾರ್ಡನ್ನು ಮುಂದೆ ಹಿಡಿದಳು. ಕಣ್ಣು ಊದಿಕೊಂಡಿದ್ದವು. ಭಾನುವಾರ ಬಿಟ್ಟು ಎರಡು ದಿನ ಆಗಿಹೋಯಿತು, ಇವತ್ತೂ ಬರದಿದ್ದರೆ ಮೂರಾಗಿ ಕಾರ್ಡು ರದ್ದಾಗುತ್ತದೆ ಎಂದಳು.

ನನಗಾದರೂ ಬುದ್ಧಿ ಬೇಡವೇ? ತಾಯಿ, ನಿನ್ನ ಕೈ ಹೋಗಿದೆ ಎಂದು ಒಳಗೆ ಬರೆದಿದ್ದಾರೆ, ಎರಡು ಕೈ ಬೀಸಿಕೊಂಡು ಒಳಗೆ ಹೋಗಬೇಡ ಎಂದು ಹೇಳಬೇಕಿತ್ತು. ಆರು ವರ್ಷ ಅವಳೊಳಗೆ ಹೊಕ್ಕಿದ್ದ ಒಂದೇ ಭಯ ಈ ಮೂರು ದಿನದ ಭಯ. ನನಗೆ ಅಂಟಿದ್ದ ಒಂದೇ ಅಭ್ಯಾಸ ಕಾರ್ಡು ನೋಡಿ ಗುರುತು ಹಾಕುವುದು. ಅವಳು ಕಾರ್ಡು ತೋರಿಸಿದಳು, ನಾನು ಗುರುತು ಹಾಕಿದೆ.

ಮ್ಯಾನೇಜರ ಮುಖ ಅವತ್ತು ಅರಳಿದ್ದನ್ನು ನೋಡಬೇಕಿತ್ತು. ಮೂರು ದಿನದಿಂದ ಹೊಟ್ಟೆಗೆ ಸರಿಯಾಗಿ ತಿನ್ನದೆ ಓಡಾಡುತ್ತಿದ್ದವನು ದೊಡ್ಡವಳ ಎರಡೂ ಕೈಯನ್ನು ಕಣ್ತುಂಬ ನೋಡಿ, ಕುರ್ಚಿಗೆ ಒರಗಿ ಕೂತ. ಅವನು ಎಲ್ಲರೆದುರಿಗೆ ಹೇಳಿದ ಮಾತು ಇದು:

"ನಮ್ಮ ಕಾರ್ಡಿನವಳಿಗೆ ಎರಡೂ ಕೈ ಇದೆ. ಕೈ ಹೋದವಳ ಹತ್ತಿರ ನಮ್ಮ ಕಾರ್ಡಿಲ್ಲ. ಇನ್ನೇನು ಬೇಕು?"

ಮೊದಲಿನ ವರದಿ ಹರಿದು ಹೊಸದು ಬರೆದರು, ಆಸ್ಪತ್ರೆಯಲ್ಲೂ ಹೆಸರು ತಿದ್ದಿಸಿದರು. ನೌಕರಳೊಬ್ಬಳಿಗೆ ಊಟ ಕೊಡಲು ಬಂದಿದ್ದ ಹೊರಗಿನ ಹೆಂಗಸು ಕುತೂಹಲಕ್ಕೆ ಮೆಷೀನು ಮುಟ್ಟಿದ್ದರಿಂದ ಆದ ಅಪಘಾತ ಎಂದಾಯಿತು. ಕುತೂಹಲಕ್ಕಂತೆ. ಆರು ವರ್ಷ ನಿಮಿಷಕ್ಕೆ ಇಪ್ಪತ್ತು ಹಾಳೆ ಕುತೂಹಲಕ್ಕೆ ಕತ್ತರಿಸಿದಳು ಪಾಪ.

ಗಾಯ ಮಾಗಿದ ಮೇಲೆ ಓರಗಿತ್ತಿಯರಿಬ್ಬರೂ ಕಾರ್ಮಿಕ ಕಚೇರಿಗೆ ಹೋದರು. ಕಚೇರಿಯ ಮೆಟ್ಟಿಲ ಕೆಳಗೆ ಕೂತು ಅರ್ಜಿ ಬರೆಯುವ ಮುದುಕನೊಬ್ಬ ಅವರಿಗೆ ಕಾನೂನನ್ನು ಬಿಡಿಸಿ ಹೇಳಿದ. ಕೆಲಸ ಮಾಡುವಾಗ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಲೇಬೇಕು. ಕೆಲಸಗಾರಳು ಎಚ್ಚರ ತಪ್ಪಿದ್ದಳು ಎಂದರೂ ಅವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾರ್ಡಿನಲ್ಲಿ ಯಾರ ಹೆಸರಿದೆ ಎನ್ನುವುದೂ ಅಷ್ಟು ದೊಡ್ಡ ಮಾತಲ್ಲ. ಕಾರ್ಖಾನೆಗೆ ಗೊತ್ತಿದ್ದೇ ಇವಳಿಂದ ಕೆಲಸ ಮಾಡಿಸಿಕೊಳ್ಳುತ್ತಿತ್ತು ಎಂದು ಸಾಬೀತಾಗಬೇಕು, ಅಷ್ಟೇ. ಮನೆಯವರು ಹೇಳಿದರೆ ನಡೆಯುವುದಿಲ್ಲ, ಕಾರ್ಖಾನೆಯವರೇ ಒಬ್ಬರು ಹೇಳಬೇಕು. ಒಬ್ಬರು ಹೇಳಿದರೂ ಸಾಕು.

ಉಳಿದ ಹತ್ತು ಕಾರ್ಡಿನವರನ್ನು ಕೇಳುವಂತಿರಲಿಲ್ಲ. ಬಾಯಿ ಬಿಟ್ಟರೆ ಅವರ ಇಪ್ಪತ್ತು ಮುಖವೂ ಬೀದಿಗೆ ಬೀಳುತ್ತಿದ್ದವು. ಉಳಿದವನು ನಾನು.

ಭಾನುವಾರ ಚಿಕ್ಕವಳು ನಮ್ಮ ಮನೆಗೆ ಬಂದಳು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನ ಹೆಂಡತಿ ಅಭ್ಯಾಸಬಲದಿಂದ ಬಿಸಿ ಚಹಾದ ಲೋಟವನ್ನು ಅವಳ ಬಲಗಡೆಗೆ ಚಾಚಿ, ಆಮೇಲೆ ನಾಲಗೆ ಕಚ್ಚಿಕೊಂಡು ಎಡಗಡೆಗೆ ಕೊಟ್ಟಳು. ಅತ್ತೆಯನ್ನು ಎತ್ತಲು ಈಗ ತನ್ನಿಂದಾಗುವುದಿಲ್ಲ, ತನ್ನ ಕೂದಲನ್ನೂ ಅಕ್ಕನೇ ಬಾಚಬೇಕು, ಗಂಡ ಫೋನಿನಲ್ಲಿ ಮಾತು ಕಡಿಮೆ ಮಾಡಿದ್ದಾನೆ, ಇಷ್ಟು ಹೇಳಿದಳು. ಪರಿಹಾರ ಬಂದರೆ ಮನೆಯ ಮುಂದುಗಡೆಯೇ ಸಣ್ಣ ಅಂಗಡಿ ಇಟ್ಟುಕೊಂಡು ಒಂದು ಕೈಯಲ್ಲೇ ನಡೆಸಬಹುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಕೊನೆಗೆ ಕೇಳಿದಳು:

"ನನ್ನ ಪರವಾಗಿ ಏನೂ ಹೇಳೋದು ಬೇಡ ಅಣ್ಣ. ನಾನು ವಾರಕ್ಕೆ ಮೂರು ದಿನ ನಿಮ್ಮ ಮುಂದೆಯೇ ಒಳಗೆ ಹೋಗ್ತಿದ್ದೆ ಅಲ್ವಾ, ಅಷ್ಟು ಹೇಳಿ ಸಾಕು."

"ಇದ್ದದ್ದು ಇದ್ದ ಹಾಗೆ ಹೇಳ್ತೀನಮ್ಮ" ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು. ಎದೆ ಮುಟ್ಟಿಕೊಂಡು ಹೇಳಿದ್ದೆ.

ವಿಚಾರಣೆಗೆ ಎರಡು ದಿನ ಮುಂಚೆ ಮ್ಯಾನೇಜರು ನನ್ನನ್ನು ಒಳಗೆ ಕರೆದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನೆದುರು ಕುರ್ಚಿ ಕೊಟ್ಟು ಕೂರಿಸಿದ. ಬೆದರಿಸಲಿಲ್ಲ, ಬೆಣ್ಣೆಯಂಥ ಮಾತು. ರಿಟೈರಾಗಲು ಎಂಟೇ ತಿಂಗಳಿದೆಯಲ್ಲ, ಕಪ್ಪುಚುಕ್ಕೆಯಿಲ್ಲದ ಸರ್ವಿಸು ನಿಮ್ಮದು ಎಂದ. ಯಾರ್ಯಾರನ್ನೋ ಗೇಟಿನಲ್ಲಿ ಒಳಗೆ ಬಿಟ್ಟವನು ಯಾರು ಎಂಬ ಪ್ರಶ್ನೆ ಎದ್ದರೆ ತನ್ನ ಕೈಯಲ್ಲೂ ಏನೂ ಇರುವುದಿಲ್ಲ ಎಂದ. ನನ್ನ ಮಗಳ ಸಂಸಾರ ಹೇಗಿದೆ ಎಂದು ವಿಚಾರಿಸಿದ. ನಾನು ಹೊರಗೆ ಬಂದು ಗೇಟಿನ ನನ್ನ ಸ್ಟೂಲಿನ ಮೇಲೆ ಕೂತೆ. ಆ ಸ್ಟೂಲಿನ ಮೇಲೆ ಎಂಟು ತಿಂಗಳು ಕೂತರೆ ಮುಗಿಯಿತಲ್ಲ ಎಂದು ಅನ್ನಿಸಿತು. ಹೇಡಿ ಎಂದು ಯಾರಾದರೂ ಬಯ್ದರೆ ನಾನು ಎದುರಾಡುವುದಿಲ್ಲ.

ವಿಚಾರಣೆ ನಡೆದ ಕೋಣೆಯಲ್ಲಿ ಮೇಜು, ಕಪಾಟು, ಕಪಾಟಿನ ಮೇಲೆ ದಾರ ಕಟ್ಟಿದ ಕಡತಗಳ ರಾಶಿ ಇದ್ದವು. ಅಧಿಕಾರಿ ಕೆಟ್ಟವನಲ್ಲ. ಚಿಕ್ಕವಳ ಕೈ ನೋಡಿ ಒಂದು ಕ್ಷಣ ಪೆನ್ನು ಕೆಳಗಿಟ್ಟ. ಮೊದಲು ದೊಡ್ಡವಳನ್ನು ಕರೆದರು. ಅವಳು ಒಂದನ್ನೂ ಮುಚ್ಚಿಡಲಿಲ್ಲ. ವಾರವನ್ನು ಹೇಗೆ ಹಂಚಿಕೊಂಡಿದ್ದರು, ಎಷ್ಟು ವರ್ಷದಿಂದ, ಅವತ್ತು ಯಾರ ದಿನ, ಎಲ್ಲ ಹೇಳಿದಳು. ಇದನ್ನು ಹೇಳಿದರೆ ಸಂಜೆಯೊಳಗೆ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೇ ಹೇಳಿದಳು. ಕಂಪನಿಯ ವಕೀಲ ಎದ್ದುನಿಂತ.

"ಅಂದರೆ ಆರು ವರ್ಷ ಕಂಪನಿಗೆ ಮೋಸ ಮಾಡಿದ್ದೀರಿ ಅಂತ ಒಪ್ಕೊಳ್ತೀರಿ."

"ಆರು ವರ್ಷ ಇಬ್ಬರೂ ಕೆಲಸ ಮಾಡಿದೀವಿ ಅಂತ ಒಪ್ಕೊಳ್ತೀನಿ ಸರ್" ಎಂದಳು ದೊಡ್ಡವಳು.

ಸಂಬಂಧಿ, ಅದರ ಮೇಲೆ ಸುಳ್ಳು ಕಾರ್ಡು ಬಳಸಿದ್ದನ್ನು ತಾನೇ ಒಪ್ಪಿಕೊಂಡವಳು, ಇಂಥವಳ ಮಾತನ್ನು ಹೇಗೆ ನಂಬುವುದು ಎಂದು ವಕೀಲ ಅಧಿಕಾರಿಯನ್ನು ಕೇಳಿದ. ಆಮೇಲೆ ನನ್ನ ಸರದಿ ಬಂತು. ಅಧಿಕಾರಿ ಚಿಕ್ಕವಳನ್ನು ಎದ್ದು ನಿಲ್ಲಲು ಹೇಳಿ, ಈ ಹೆಂಗಸು ನಿಮ್ಮ ಗೇಟಿನಿಂದ ಕೆಲಸಕ್ಕೆ ಒಳಗೆ ಹೋಗುತ್ತಿದ್ದಳೇ ಎಂದು ಕೇಳಿದ. ಅವಳು ನನ್ನನ್ನು ನೋಡುತ್ತಿದ್ದಳು. ಭಯವಿಲ್ಲದೆ ನೋಡುತ್ತಿದ್ದಳು, ಅದೇ ತಡೆಯಲಾಗಲಿಲ್ಲ.

"ನಾನು ನೋಡೋದು ಕಾರ್ಡು ಸರ್, ಮುಖ ಅಲ್ಲ" ಎಂದೆ.

ಹಾಗಾದರೆ ಇವಳನ್ನು ನೀವು ನೋಡಿಯೇ ಇಲ್ಲವೇ ಎಂದು ಅವನು ಇನ್ನೊಮ್ಮೆ ಕೇಳಿದ. ಪಾಪ, ನನಗೆ ಇನ್ನೊಂದು ಅವಕಾಶ ಕೊಟ್ಟ. ಹಾಳೆ ಎಣಿಸಿ ಬರೆಯುವ ಪುಸ್ತಕ ತರಿಸಿ ಸರ್, ಅದರಲ್ಲಿ ವಾರವಾರವೂ ಇಬ್ಬರ ಕೈ ಕಾಣುತ್ತದೆ ಎಂದು ಹೇಳಬಹುದಿತ್ತು. ಕಾರ್ಡಿನ ಫೋಟೊ ಕಿತ್ತವನು ನಾನೇ ಎನ್ನಬಹುದಿತ್ತು. ನೋಡಿದ ನೆನಪಿಲ್ಲ ಸರ್ ಎಂದೆ. ಅಧಿಕಾರಿ ಅದನ್ನು ಬರೆದುಕೊಂಡ. ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡ. ಐದು ಬೆರಳಿದ್ದ ಕೈಯಿಂದ ಚೆನ್ನಾಗಿಯೇ ಸಹಿ ಹಾಕಿದೆ.

ದೊಡ್ಡವಳ ಕಾರ್ಡು ಅವತ್ತು ಸಂಜೆಯೇ ರದ್ದಾಯಿತು. ಮಾರನೇ ದಿನದಿಂದ ಉಳಿದ ಹತ್ತು ಕಾರ್ಡಿನವರು ಎಂದಿನಂತೆ ಬಂದರು, ನಾನು ಎಂದಿನಂತೆ ಗುರುತು ಹಾಕಿದೆ. ಅಡ್ಡಪಟ್ಟಿಗಳು ಕಟ್ಟಿದಂತೆಯೇ ಇದ್ದವು.

ಎರಡು ತಿಂಗಳಿಗೆ ತೀರ್ಪು ಬಂತು. ಅರ್ಜಿದಾರಳು ಆ ಕಾರ್ಖಾನೆಯ ಕೆಲಸಗಾರಳು ಎಂದು ಸಾಬೀತಾಗಿಲ್ಲ, ಅರ್ಜಿ ವಜಾ ಎಂದಿತ್ತು. ಕಂಪನಿಯ ಪ್ರತಿ ತರಲು ಮ್ಯಾನೇಜರು ನನ್ನನ್ನೇ ಕಳಿಸಿದ. ಈಗ ನಾನು ನಂಬಿಕಸ್ಥ.

ಕಚೇರಿಯ ಕಿಟಕಿಯ ಮುಂದೆ ಚಿಕ್ಕವಳು ಒಬ್ಬಳೇ ನಿಂತಿದ್ದಳು. ದೊಡ್ಡವಳು ಮನೆಗೆಲಸ ಹುಡುಕಿಕೊಂಡು ಹೋಗಿದ್ದಳಂತೆ, ಅದನ್ನು ಅವಳು ಗುಮಾಸ್ತನಿಗೆ ಹೇಳುತ್ತಿದ್ದಳು. ತನ್ನ ಪ್ರತಿ ತೆಗೆದುಕೊಳ್ಳಲು ಅವಳು ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಎಡಗೈಯಿಂದ ಬರೆಯಲು ಇನ್ನೂ ಬಾರದು. ಹೈಸ್ಕೂಲು ಮುಗಿಸಿದವಳು ಹೆಬ್ಬೆಟ್ಟು ಒತ್ತಿದಳು. ಸರ್ಕಾರಕ್ಕೆ ಬೇಕಾದ ಬೆರಳೊಂದು ಉಳಿದಿತ್ತಲ್ಲ. ಗುಮಾಸ್ತ, ಹೆಬ್ಬೆಟ್ಟಾದರೆ ಪಕ್ಕದಲ್ಲಿ ಒಬ್ಬರು ಸಾಕ್ಷಿ ಬೇಕು, ಇವರನ್ನು ನಾನು ಬಲ್ಲೆ ಎಂದು ಬರೆದು ಸಹಿ ಹಾಕಬೇಕು, ಯಾರಾದರೂ ಗುರುತಿನವರು ಇದ್ದಾರಾ ಎಂದು ಕೇಳಿದ.

ಅವಳು ತಿರುಗಿದಳು. ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಕಂಡಿದ್ದರೆ ಸಮಾಧಾನವಾಗುತ್ತಿತ್ತು.

"ಒಂದು ಸಹಿ ಹಾಕಿ ಅಣ್ಣ" ಎಂದಳು. "ಈಗ ಕೇಸೆಲ್ಲ ಮುಗೀತಲ್ಲ. ಇದರಿಂದ ನಿಮಗೇನೂ ಆಗಲ್ಲ."

ವಕೀಲ ಅಲ್ಲಿರಲಿಲ್ಲ, ಮ್ಯಾನೇಜರೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ನೋಡಿದ ನೆನಪಿಲ್ಲ ಎಂದು ಇದೇ ಕಚೇರಿಯಲ್ಲಿ ಸಹಿ ಹಾಕಿದವನು ಇದೇ ಕಚೇರಿಯಲ್ಲಿ ಬಲ್ಲೆ ಎಂದು ಹೇಗೆ ಸಹಿ ಹಾಕಲಿ? ನಾಳೆ ಅವಳು ಮೇಲಿನ ಕೋರ್ಟಿಗೆ ಹೋದರೆ, ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ? ತಲೆಯಲ್ಲಿ ಇಷ್ಟೆಲ್ಲ ಒಂದೇ ಉಸಿರಿಗೆ ಓಡಿತು. ಅಂಗಿಯ ಜೇಬು ತಡಕಿದೆ.

"ಕನ್ನಡಕ ಮರೆತು ಬಂದಿದೀನಮ್ಮ" ಎಂದೆ.

"ಹಾಕ್ಕೊಂಡಿದೀರಲ್ಲ ಅಣ್ಣ" ಎಂದಳು ಮೆಲ್ಲಗೆ.

ಗುಮಾಸ್ತ ನಗಲಿಲ್ಲ, ಅವಳೂ ನಗಲಿಲ್ಲ. ಕಾರಿಡಾರ್ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು. ಏನು ಬರೀಬೇಕು ಎಂದು ಗುಮಾಸ್ತನನ್ನು ಕೇಳಿದಳು. ಸೀರೆಗೆ ಕೈ ಒರೆಸಿಕೊಂಡು, ಪೆನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಇವರನ್ನು ನಾನು ಬಲ್ಲೆ ಎಂದು ಬರೆದಳು. ಬರೆದ ಮೇಲೆ ಚಿಕ್ಕವಳ ಕಡೆ ತಿರುಗಿ, ನಿನ್ನ ಹೆಸರೇನಮ್ಮ ಎಂದು ಕೇಳಿದಳು.